ಬ್ಯಾಟರಿ ಕಿಲುಬಿಗೆ ವ್ಯಾಸಲೀನೋ, ಗ್ರೀಸೋ, ಸ್ಪ್ರೇಯೋ?

ಉಡುಪಿಯಲ್ಲಿ ಕ್ಯಾಂಪರ್ ವ್ಯಾನ್ ಇಟ್ಟುಕೊಂಡವರಿಗೆ ಬ್ಯಾಟರಿ ಟರ್ಮಿನಲ್ಲಿನ ಕಿಲುಬು ಹೊಸದಲ್ಲ. ನಮ್ಮದು ಟೆಂಪೋ ಟ್ರಾವೆಲರ್. ಎಂಜಿನ್ನಿಗೆ ಒಂದು ಬ್ಯಾಟರಿ. ಒಳಗಿನ ಲೈಟು, ಫ್ಯಾನು, ಫ್ರಿಜ್ಜಿಗೆ ಸೀಟಿನ ಅಡಿ ಎರಡು ಟ್ಯೂಬ್ಯುಲರ್ ಬ್ಯಾಟರಿ. ಅವು ಮುಚ್ಚಿದ ಪೆಟ್ಟಿಗೆಯೊಳಗಿವೆ, ಗ್ಯಾಸ್ ಹೊರಗೆ ಹೋಗಲು ಪೈಪ್ ಬಿಟ್ಟಿದ್ದೇವೆ. ಚಾರ್ಜ್ ಆಗುವಾಗ ಬರುವ ಆಸಿಡ್ ಆವಿ ಒಳಗಿನಿಂದ, ಉಪ್ಪು ಗಾಳಿ ಹೊರಗಿನಿಂದ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಜೂನ್ ಗಾಳಿಗೆ ಅಲ್ಲಿ ರಾತ್ರಿ ಗಾಡಿ ನಿಲ್ಲಿಸಿ ನೋಡಿ, ಬೆಳಿಗ್ಗೆ ಗ್ಲಾಸಿನ ಮೇಲೆ ಬೆರಳಾಡಿಸಿದರೆ ಉಪ್ಪು ಅಂಟುತ್ತದೆ. ಅದೇ ಉಪ್ಪು ಬ್ಯಾಟರಿಯ ಹತ್ತಿರವೂ ಹೋಗುತ್ತದೆ.

ಹೋಲಿಸಬೇಕಾದರೆ ಎಲ್ಲವೂ ಒಂದೇ ಸ್ಥಿತಿಯಿಂದ ಶುರುವಾಗಬೇಕು. ಹಾಗಾಗಿ ಯಾವುದನ್ನು ಹಚ್ಚುವ ಮೊದಲೂ ಒಂದೇ ರೀತಿ ಕ್ಲೀನ್ ಮಾಡಿದೆ. ಮೊದಲು ನೆಗೆಟಿವ್ ಬಿಚ್ಚಬೇಕು, ಆಮೇಲೆ ಪಾಸಿಟಿವ್. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೇ ಟೂತ್ ಬ್ರಷ್ಷಿನಿಂದ ತಿಕ್ಕಬೇಕು. ಕಿಲುಬಿನ ಬಿಳಿ ಹುಡಿ ಬುಸುಬುಸು ನೊರೆಯಾಗಿ ಕರಗುತ್ತದೆ. ಸೆಲ್ ಮುಚ್ಚಳ ಬಿಗಿಯಾಗಿರಲಿ, ಸೋಡಾ ಒಳಗೆ ಹೋದರೆ ಆಸಿಡ್ಡಿನ ಶಕ್ತಿ ಕುಂದುತ್ತದೆ. ತೊಳೆದು ಒಣಗಿಸಿ, ಎಮರಿ ಪೇಪರಿನಲ್ಲಿ ಸೀಸ ಹೊಳೆಯುವವರೆಗೆ ಉಜ್ಜಿ, ಟರ್ಮಿನಲ್ಲನ್ನು ಹಿಡಿಯುವ ಕೇಬಲ್ ಕ್ಲ್ಯಾಂಪ್ ಬಿಗಿ ಮಾಡಬೇಕು. ಹಚ್ಚುವುದು ಆಮೇಲೆ.

ವ್ಯಾಸಲೀನ್ ಎಲ್ಲರ ಮನೆಯಲ್ಲೂ ಇರುತ್ತದೆ, ಖರ್ಚು ಏನೂ ಇಲ್ಲ. ಸೀಟಿನ ಅಡಿಯ ಬ್ಯಾಟರಿಗಳಲ್ಲಿ ಅದು ಚೆನ್ನಾಗಿಯೇ ನಿಂತಿತು. ಬಟ್ಟೆಯಲ್ಲಿ ಒರೆಸಿದರೆ ಸುಲಭವಾಗಿ ಹೋಗುತ್ತದೆ, ಹಾಗಾಗಿ ನಡುನಡುವೆ ಪರೀಕ್ಷಿಸಲು ಸುಲಭ. ಎಂಜಿನ್ ಬದಿಯಲ್ಲಿ ಮಾತ್ರ ಕೈಕೊಟ್ಟಿತು. ಪೆಟ್ರೋಲಿಯಂ ಜೆಲ್ಲಿ 40ರಿಂದ 60 ಡಿಗ್ರಿಯೊಳಗೆ ಕರಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಮಂಗಳೂರಿನ ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ ಬಾನೆಟ್ ಅಡಿ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಕ್ಲ್ಯಾಂಪಿನ ಮೇಲ್ಭಾಗ ಬರಿದಾಗಿ, ಕೆಳಗೆ ಎಣ್ಣೆಯ ಮೇಲೆ ಧೂಳು ಕೂತಿತ್ತು.

ತೆಂಗಿನ ಎಣ್ಣೆ ಹಚ್ಚುವವರೂ ಇದ್ದಾರೆ. ಅದು 24 ಡಿಗ್ರಿ ದಾಟಿದರೆ ನೀರಾಗುತ್ತದೆ. ನಮ್ಮ ಕರಾವಳಿಯಲ್ಲಿ ಅದು ಗಟ್ಟಿಯಾಗಿ ನಿಲ್ಲುವುದೇ ಅಪರೂಪ. ಬೇಡ.

ಎಂಜಿನ್ ಬದಿಗೆ ನನ್ನ ಆಯ್ಕೆ ಲಿಥಿಯಂ ಗ್ರೀಸ್. ವೀಲ್ ಬೇರಿಂಗಿಗೆ ಹಾಕುತ್ತಾರಲ್ಲ, ಅದೇ. ಯಾವ ಗ್ಯಾರೇಜಿನಲ್ಲೂ ಸಿಗುತ್ತದೆ. ಬಿಸಿಗೆ ಹರಿಯುವುದಿಲ್ಲ, ಮಳೆ ನೀರು ಸಿಡಿದರೂ ತೊಳೆದುಹೋಗುವುದಿಲ್ಲ. ಕೈಯೆಲ್ಲ ಕೊಳೆಯಾಗುತ್ತದೆ, ಬೀಚಿನ ಮರಳು ಅಂಟುತ್ತದೆ, ಅಷ್ಟೇ. ತೆಳುವಾಗಿ ಹಚ್ಚಿದರೆ ಸಾಕು.

ಟರ್ಮಿನಲ್ ಸ್ಪ್ರೇ ನೋಡಲು ಎಲ್ಲಕ್ಕಿಂತ ಚಂದ. ಒಣಗಿ ಪದರವಾಗುತ್ತದೆ, ಕೈಗೆ ಅಂಟುವುದಿಲ್ಲ, ಬಿಸಿಗೂ ಜಗ್ಗುವುದಿಲ್ಲ. ಆದರೆ ಒಮ್ಮೆ ಕ್ಲ್ಯಾಂಪ್ ಬಿಚ್ಚಿದರೆ ಪದರ ಒಡೆಯುತ್ತದೆ, ಪೂರ್ತಿ ಕೆರೆದು ಮತ್ತೆ ಹೊಡೆಯಬೇಕು. ಬಿಚ್ಚದೆ ವರ್ಷವಿಡೀ ಬಿಡುವವರಿಗೆ ಸರಿ. ನಾವು ಸೋಲಾರ್, ಇನ್ವರ್ಟರ್ ಅಂತ ಆಗಾಗ ಕೈ ಹಾಕುವವರು, ನಮಗೆ ಹೊಂದಲಿಲ್ಲ.

ಎಣ್ಣೆಯಲ್ಲಿ ನೆನೆಸಿದ ಫೆಲ್ಟ್ ವಾಷರನ್ನು (ದಪ್ಪ ಬಟ್ಟೆಯಂಥ ಬಳೆ) ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕ್ಲ್ಯಾಂಪಿನ ಅಡಿ ಕೂರುತ್ತದೆ, ಟರ್ಮಿನಲ್ ಕಂಬದ ಬುಡದಿಂದ ಮೇಲೇರುವ ಆಸಿಡ್ಡನ್ನು ಅಲ್ಲೇ ಹಿಡಿಯುತ್ತದೆ. ಅಡಿಯಲ್ಲಿ ವಾಷರ್, ಮೇಲೆ ವ್ಯಾಸಲೀನ್: ಒಳಗಿನ ಬ್ಯಾಟರಿಗಳಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ.

ಇಷ್ಟೆಲ್ಲ ಮಾಡಿದರೂ ಸೆಲ್ಫ್ ಹೊಡೆದಾಗ ಎಂಜಿನ್ ಎಳೆದೆಳೆದು ತಿರುಗುತ್ತಿತ್ತು. ಮಲ್ಪೆ ಬಂದರಿನಲ್ಲಿ ಬೋಟುಗಳ ವಯರಿಂಗ್ ಮಾಡುವ ಅಣ್ಣನೊಬ್ಬರಿಗೆ ತೋರಿಸಿದೆ. ಅವರು ಟರ್ಮಿನಲ್ ಕಡೆ ನೋಡಲೇ ಇಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಕಂಬಕ್ಕೆ, ಇನ್ನೊಂದು ಕೇಬಲ್ಲಿನ ಆಚೆ ತುದಿಗೆ ಇಟ್ಟು "ಈಗ ಸೆಲ್ಫ್ ಹೊಡೀರಿ" ಎಂದರು. ಒಂದು ವೋಲ್ಟ್ ತೋರಿಸಿತು. ಒಳ್ಳೆಯ ಕೇಬಲ್ಲಿನಲ್ಲಿ ಅರ್ಧ ವೋಲ್ಟೂ ದಾಟಬಾರದು. ಸ್ಟಾರ್ಟರ್ 200 ಆಂಪಿಯರ್ ಎಳೆಯುವಾಗ ಒಂದು ವೋಲ್ಟ್ ಕಳೆದರೆ 200 ವಾಟ್ ಸುಮ್ನೆ ಬಿಸಿಯಾಗಿ ಹೋಯಿತು ಅಂತ ಲೆಕ್ಕ. ಆಮೇಲೆ ಅವರು ಲಗ್, ಅಂದರೆ ಕೇಬಲ್ ತುದಿಯ ಲೋಹದ ಕೊಂಡಿಯ ಹತ್ತಿರ ಪ್ಲಾಸ್ಟಿಕ್ ಸೀಳಿದರು. ಒಳಗಿನ ತಾಮ್ರದ ಎಳೆಗಳು ಕಪ್ಪಾಗಿದ್ದವು, ಅಲ್ಲಲ್ಲಿ ಹಸಿರು. ಬೆರಳಲ್ಲಿ ತಿಕ್ಕಿದರೆ ಎಳೆ ಪುಡಿಪುಡಿ. "ಮೇಲೆ ಏನು ಬಳಿದ್ರೂ ಆಯ್ತು ಮಾರಾಯ್ರೆ, ನೀರು ಹೋಗುವುದು ಇಲ್ಲಿಂದ" ಎಂದರು. ಎಳೆಗಳ ನಡುವಿನ ಸಂದಿಯಲ್ಲಿ ತೇವ ಏರುತ್ತಾ ಹೋಗುತ್ತದೆ. ಹೊರಗಿನಿಂದ ಒಂದಿಷ್ಟೂ ಗೊತ್ತಾಗುವುದಿಲ್ಲ.

ಬದಲಿಗೆ ಬೋಟುಗಳಿಗೆ ಹಾಕುವ ಕೇಬಲ್ಲನ್ನೇ ಹಾಕಿಸಿದೆ. ತಾಮ್ರದ ಪಾತ್ರೆಗೆ ಕಲಾಯಿ ಹಾಕಿದಂತೆ ಅದರ ಪ್ರತಿ ಎಳೆಗೂ ತವರದ ಲೇಪ ಇರುತ್ತದೆ. ಮಾಮೂಲಿ ಕೇಬಲ್ಲಿಗಿಂತ ದುಬಾರಿ, ಆದರೆ ಉಪ್ಪು ಗಾಳಿಯಲ್ಲಿ ಬಾಳಿಕೆಗೆ ಹೋಲಿಕೆಯೇ ಇಲ್ಲ. ಲಗ್ಗನ್ನು ಸುತ್ತಿಗೆಯಲ್ಲಿ ಬಡಿಯದೆ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿಸಿದೆವು. ಅದರ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್, ಅಂದರೆ ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ. ಬಿಸಿ ಮಾಡಿದಾಗ ತುದಿಯಲ್ಲಿ ಅಂಟು ಸಣ್ಣ ಉಂಗುರದಂತೆ ಹೊರಬರಬೇಕು, ಆಗಲೇ ಪೂರ್ತಿ ಮುಚ್ಚಿದೆ ಎಂದರ್ಥ. ಕರಿ ಟೇಪು ನಮ್ಮ ಸೆಖೆಗೆ ಜಾರುತ್ತದೆ, ನೀರನ್ನು ಒಳಗೇ ಹಿಡಿದಿಡುತ್ತದೆ. ಈಗ ದುಡ್ಡು ಒಂದಕ್ಕೇ ಇದೆ ಅಂದರೆ ಸ್ಪ್ರೇ ಬಿಡಿ, ಟ್ಯೂಬ್ ತನ್ನಿ.

ಪಾಸಿಟಿವ್‌ನಲ್ಲಿ ಕಿಲುಬು ಬೇಗ ಬೇಗ ಬರುತ್ತಿದ್ದರೆ ಎಂಜಿನ್ ಓಡುವಾಗ ವೋಲ್ಟ್ ನೋಡಿ. 15 ದಾಟಿದರೆ ಓವರ್ ಚಾರ್ಜ್ ಆಗಿ ಆಸಿಡ್ ಆವಿ ಜಾಸ್ತಿ ಬರುತ್ತಿದೆ. ಅಲ್ಲಿ ಗ್ರೀಸ್ ಅಲ್ಲ, ಚಾರ್ಜಿನ ವೋಲ್ಟನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಸರಿಮಾಡಿಸಬೇಕು.

ಲಿಥಿಯಂ ಬ್ಯಾಟರಿ ಹಾಕಿದರೆ ಈ ರಗಳೆಯೇ ಇಲ್ಲ ಅಲ್ವಾ ಎಂದು ಗೆಳೆಯರು ಕೇಳುತ್ತಾರೆ. ಆಸಿಡ್ ಆವಿ ಇರುವುದಿಲ್ಲ, ನಿಜ. ಉಪ್ಪು ಗಾಳಿ ಇದ್ದೇ ಇರುತ್ತದೆ. ಅದಕ್ಕೂ ಇದೇ ಕೇಬಲ್, ಇದೇ ಟ್ಯೂಬ್ ಹಾಕಿಸಿ.