ಆರು ವರ್ಷ ಮರುಭೂಮಿ ಸುತ್ತಿದ 40 ಲೀಟರಿನ ಕಾರ್ ಫ್ರಿಜ್

2019ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಈ 12 ವೋಲ್ಟ್‌ನ ಫ್ರಿಜ್ ಕೊಂಡಾಗ ಮನೆಯಲ್ಲಿ ಎದ್ದದ್ದು ಒಂದೇ ಪ್ರಶ್ನೆ: ಐಸ್ ಪೆಟ್ಟಿಗೆ ಇರುವಾಗ ಇದಕ್ಕೆ ಒಂಬೈನೂರು ಡಾಲರ್ ಏಕೆ? ಆ ಬಳಿಕ ನಮ್ಮ ಫೋರ್ ವೀಲ್ ಡ್ರೈವ್‌ನ ಹಿಂಬದಿಯಲ್ಲಿ ಕುಳಿತು ಅದು ಊಡ್ನಡಾಟಾ ಟ್ರ್ಯಾಕ್ ಎರಡು ಸಲ, ಬರ್ಡ್ಸ್‌ವಿಲ್ ಟ್ರ್ಯಾಕ್ ಮತ್ತು ಸಿಂಪ್ಸನ್ ಮರುಭೂಮಿಯನ್ನು ಒಂದೊಂದು ಸಲ ದಾಟಿದೆ. ಈಗ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಮರ್ರೀಯಿಂದ ಮಾರ್ಲಾವರೆಗೆ ಊಡ್ನಡಾಟಾ ಟ್ರ್ಯಾಕ್ ಸುಮಾರು 620 ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಊಟ, ಇಂಧನ ಸಿಗುವ ಊರುಗಳೆಂದರೆ ವಿಲಿಯಂ ಕ್ರೀಕ್ ಮತ್ತು ಊಡ್ನಡಾಟಾ. ಹಿಂದೆ ಐಸ್ ಪೆಟ್ಟಿಗೆ ಒಯ್ದಾಗ ಎರಡನೇ ದಿನಕ್ಕೇ ಐಸ್ ಕರಗಿ ಕೊತ್ತಂಬರಿ ನೀರಿನಲ್ಲಿ ತೇಲುತ್ತಿತ್ತು. ಫ್ರಿಜ್ ಬಂದ ಮೇಲೆ ಆರನೇ ದಿನವೂ ಗಟ್ಟಿ ಮೊಸರು, ಹಸಿರು ಬೀನ್ಸ್ ಇರುತ್ತವೆ. ಐಸ್ ಎಲ್ಲಿ ಸಿಗುತ್ತದೆ ಎಂದು ನೋಡಿ ತಂಗುವ ಜಾಗ ಆರಿಸುವ ಕಷ್ಟ ತಪ್ಪಿತು.

ಇನ್ನು ನನ್ನನ್ನು ನಿಜಕ್ಕೂ ಹೆದರಿಸಿದ ದಿನದ ವಿಷಯ. 2023ರ ಸೆಪ್ಟೆಂಬರ್‌ನಲ್ಲಿ ಹಾಸನದಿಂದ ಬಂದಿದ್ದ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆವು. ಅವರಿಗೆ ಸಕ್ಕರೆ ಕಾಯಿಲೆ. ತೆರೆಯದ ಇನ್ಸುಲಿನ್ ಪೆನ್ನುಗಳನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಹಳೆಯ ಘಾನ್ ರೈಲು ಮಾರ್ಗದ ಪಕ್ಕದ ಕವರ್ಡ್ ಸ್ಪ್ರಿಂಗ್ಸ್‌ನಲ್ಲಿ ಖರ್ಜೂರದ ಮರಗಳ ಬಳಿ ಒಂದು ದಿನ ವಿಶ್ರಾಂತಿಗೆಂದು ಉಳಿದೆವು. ಗಾಡಿ ಬೆಳಿಗ್ಗೆಯಿಂದ ಬಿಸಿಲಿನಲ್ಲಿ ನಿಂತಿತ್ತು. ಸಂಜೆ ಮಜ್ಜಿಗೆಗೆಂದು ಮುಚ್ಚಳ ತೆಗೆದರೆ ತಂಪು ಮುಖಕ್ಕೆ ತಾಗಲಿಲ್ಲ. ಫ್ರಿಜ್ ಆರಿತ್ತು. ಒಳಗಿಟ್ಟಿದ್ದ ಥರ್ಮಾಮೀಟರ್ 13 ಡಿಗ್ರಿ ತೋರಿಸುತ್ತಿತ್ತು.

ಫ್ರಿಜ್ ಕೆಟ್ಟಿತೆಂದೇ ಎಲ್ಲರೂ ತಿಳಿದೆವು. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದಾಗ ಬೇರೆಯೇ ಸಂಗತಿ ಹೊರಬಿತ್ತು. ಬ್ಯಾಟರಿಯಲ್ಲಿ 12.5 ವೋಲ್ಟ್ ಇತ್ತು. ಗಾಡಿಯ ಹಿಂಬದಿಯ ಸಾಕೆಟ್‌ನಲ್ಲಿ, ಕಂಪ್ರೆಸರ್ ಹೊರಡುವ ಕ್ಷಣದಲ್ಲಿ, 11.2 ಮಾತ್ರ. ಅಷ್ಟು ದೂರ ಸಾಗಿದ ತೆಳು ವೈರ್ ದಾರಿಯಲ್ಲೇ ವೋಲ್ಟೇಜ್ ತಿಂದುಹಾಕುತ್ತಿತ್ತು. ಬ್ಯಾಟರಿ ಬರಿದಾಯಿತೆಂದು ತಿಳಿದು ಫ್ರಿಜ್ ತನ್ನನ್ನು ತಾನೇ ಆರಿಸಿಕೊಂಡಿತ್ತು. ವೋಲ್ಟೇಜ್ ಎಷ್ಟಕ್ಕೆ ಇಳಿದರೆ ಫ್ರಿಜ್ ಆರಬೇಕೆಂದು ನಿಗದಿಪಡಿಸುವ ಬ್ಯಾಟರಿ ರಕ್ಷಣೆಯ ಮಟ್ಟವನ್ನು 'ಹೈ'ಯಿಂದ 'ಲೋ'ಗೆ ಇಳಿಸಿದ್ದೇ ತಡ, ಮತ್ತೆ ಗುಂಯ್‌ಗುಟ್ಟತೊಡಗಿತು. ಅಪ್ಪನ ಔಷಧಿಗೆ ಏನೂ ಆಗಿರಲಿಲ್ಲ, ಆದರೂ ಆ ರಾತ್ರಿ ಎರಡು ಸಲ ಎದ್ದು ನೋಡಿದೆ.

ಊರಿಗೆ ಮರಳಿದ ವಾರವೇ ಗಾಡಿಯ ಎರಡನೇ ಬ್ಯಾಟರಿಯಿಂದ ನೇರವಾಗಿ 8 ಚದರ ಮಿಲಿಮೀಟರಿನ ಕೇಬಲ್ ಎಳೆಸಿ, ತುದಿಗೆ ಹೆಚ್ಚು ಕರೆಂಟ್ ತಾಳುವ ಆಂಡರ್ಸನ್ ಪ್ಲಗ್ ಹಾಕಿಸಿದೆ. ಮತ್ತೆಂದೂ ನಿಂತಿಲ್ಲ. ಕೊಳ್ಳುವವರಿಗೆ ನನ್ನ ಕೋರಿಕೆ ಇಷ್ಟೇ: ಫ್ರಿಜ್‌ಗೆ ಹಣ ಎತ್ತಿಡುವಾಗಲೇ ಕೇಬಲ್‌ಗೂ ಎತ್ತಿಡಿ. ಸಿಗರೇಟ್ ಲೈಟರ್ ಸಾಕೆಟ್ ನಂಬಿ ಔಷಧಿ ಒಯ್ಯಬೇಡಿ.

ವಿದ್ಯುತ್ ಬಳಕೆ ನನ್ನ ಲೆಕ್ಕದಲ್ಲಿ ಚಳಿಗಾಲದಲ್ಲಿ ದಿನಕ್ಕೆ ಸುಮಾರು 20 ಆಂಪಿಯರ್-ಅವರ್ (ಬ್ಯಾಟರಿಯ ವಿದ್ಯುತ್ತನ್ನು ಅಳೆಯುವ ಮಾನ), ಸೆಖೆಯಲ್ಲಿ ಅದರ ಎರಡು ಪಟ್ಟು. 100 ಆಂಪಿಯರ್-ಅವರ್‌ನ ಬ್ಯಾಟರಿ ಮತ್ತು ಮಡಚುವ 120 ವ್ಯಾಟ್ ಸೋಲಾರ್ ಫಲಕ ಸಾಕಾಗಿವೆ.

ದೂರುಗಳೂ ಇವೆ. ಮಣ್ಣಿನ ರಸ್ತೆಗೆ ಅಡ್ಡಲಾಗಿ ಸಾಲುಸಾಲು ದಿಣ್ಣೆ ಎದ್ದ ಕಡೆ ತಗಡಿನ ಮಾಡಿನ ಮೇಲೆ ಗಾಡಿ ಓಡಿಸಿದಂತಿರುತ್ತದೆ. ಬರ್ಡ್ಸ್‌ವಿಲ್ ಟ್ರ್ಯಾಕ್‌ನ 517 ಕಿಲೋಮೀಟರ್ ಮುಗಿಯುವಷ್ಟರಲ್ಲಿ ಮುಚ್ಚಳದ ಕೀಲಿನ ಎರಡು ತಿರುಪು ಕಳಚಿ ಬಿದ್ದಿದ್ದವು. ಒಳಗೋಡೆಗೆ ಒತ್ತಿಕೊಂಡ ಸೌತೆಕಾಯಿ ಹೆಪ್ಪುಗಟ್ಟುತ್ತದೆ. ಅದಕ್ಕೇ ಇನ್ಸುಲಿನ್ ಡಬ್ಬಿಯನ್ನು ಟವೆಲ್‌ನಲ್ಲಿ ಸುತ್ತಿ ನಡುವೆಯೇ ಇಡುತ್ತೇವೆ. ಖಾಲಿ ಜಾಗ ಬಿಟ್ಟರೆ ಮೊಸರು ಕುಲುಕಿ ನೀರೊಡೆಯುತ್ತದೆ.

ಸಿಂಪ್ಸನ್‌ನಲ್ಲಿ ಮಾತ್ರ ಯಾವ ತಕರಾರೂ ಬರಲಿಲ್ಲ. ಅಲ್ಲಿ ಮರಳಿನ ದಿಬ್ಬಗಳೇ ಸಾವಿರಕ್ಕೂ ಹೆಚ್ಚು, ಕೊನೆಯ 'ಬಿಗ್ ರೆಡ್' ಸುಮಾರು 40 ಮೀಟರ್ ಎತ್ತರ. ಗಾಡಿ ಮೂತಿ ಮೇಲೆತ್ತಿ ಏರುತ್ತಿದ್ದಾಗಲೂ ಹಿಂದಿನಿಂದ ಕಂಪ್ರೆಸರ್ ಸದ್ದು ಕೇಳುತ್ತಲೇ ಇತ್ತು.

ಮುಂದಿನ ಜುಲೈಯಲ್ಲಿ ಅಪ್ಪ ಮತ್ತೆ ಬರುತ್ತಿದ್ದಾರೆ. ಅಷ್ಟರೊಳಗೆ ಮುಚ್ಚಳದ ಸವೆದ ರಬ್ಬರ್ ಬದಲಿಸಬೇಕು, ತಿರುಪುಗಳಿಗೆ ಅಂಟು ಹಾಕಿ ಬಿಗಿಯಬೇಕು.