ಎಐ ಏಜೆಂಟ್ ಕೈಗೆ ಡಿಲೀಟ್ ಟೂಲ್: ವರ್ಷಕ್ಕೂ ಮೇಲೆ ಬಳಸಿದವರ ಅನುಭವ

ಎಐ ಏಜೆಂಟ್ ಅಂದರೆ ನಮ್ಮ ಪರವಾಗಿ ಆ್ಯಪ್‌ಗಳಲ್ಲಿ ಕೆಲಸ ಮಾಡುವ ಎಐ. ಅದಕ್ಕೆ ಕೊಡುವ ಟೂಲ್‌ಗಳಲ್ಲಿ, ಟಾಸ್ಕ್ ಸೇರಿಸುವ ಟೂಲ್ ಸ್ವಲ್ಪ ಆಚೀಚೆ ಇದ್ದರೂ ನಡೆಯುತ್ತದೆ. ತಪ್ಪಾಗಿ ಸೇರಿದ್ದನ್ನು ಆಮೇಲೆ ತೆಗೆಯಬಹುದು. ಒಂದೇ ಸಲಕ್ಕೆ ರಾಶಿ ಟಾಸ್ಕ್ ಅಳಿಸುವ ಟೂಲ್‌ಗೆ ಆ ಸಲಿಗೆ ಕೊಡೋಕಾಗಲ್ಲ. ಅದಕ್ಕೇ ಈ ವಿಮರ್ಶೆಯಲ್ಲಿ ಟೂಲ್‌ಗಿಂತ ಜಾಸ್ತಿ ಅದರ ವಿವರಣೆಯ ಬಗ್ಗೆ ಬರೆಯುತ್ತಿದ್ದೇನೆ.

ಪುಣೆಯ ವಾಕಡ್, ಹಿಂಜವಡಿ ಕಡೆ ಇರುವ ನಾವೊಂದಷ್ಟು ಕನ್ನಡಿಗರು ಯುಗಾದಿ, ರಾಜ್ಯೋತ್ಸವ, ಮಕ್ಕಳ ಕನ್ನಡ ತರಗತಿ ನಡೆಸುತ್ತೇವೆ. ಕೆಲಸಗಳೆಲ್ಲ ಒಂದು ಟಾಸ್ಕ್ ಆ್ಯಪ್‌ನಲ್ಲಿವೆ. ಅದಕ್ಕೆ ಎಂಸಿಪಿ ಮೂಲಕ ಏಜೆಂಟ್ ಜೋಡಿಸಿದ್ದೇವೆ. ಎಂಸಿಪಿ ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್. ಎಐ ಹೊರಗಿನ ಆ್ಯಪ್‌ಗಳ ಜೊತೆ ಕೆಲಸ ಮಾಡಲಿ ಅಂತ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದದ್ದು. ಇದರಲ್ಲಿ ಏಜೆಂಟ್‌ಗೆ ಕಾಣುವುದು ಟೂಲ್‌ನ ಹೆಸರು, ಅದರ ವಿವರಣೆ, ಏನೇನು ಮಾಹಿತಿ ಕೊಡಬೇಕು ಅನ್ನುವ ಪಟ್ಟಿ. ಟಾಸ್ಕ್ ಆ್ಯಪ್‌ನ ಕಂಪನಿಯವರು ಎಷ್ಟೇ ಚೆಂದದ ಹೆಲ್ಪ್ ಪೇಜ್ ಬರೆದಿದ್ದರೂ ಅದರಲ್ಲಿರುವ ಎಚ್ಚರಿಕೆ ಏಜೆಂಟ್‌ಗೆ ತಾನಾಗಿ ತಲುಪುವುದಿಲ್ಲ.

ಮೊದಮೊದಲು ಈ ಟೂಲ್‌ಗೆ ಇದ್ದದ್ದು ಒಂದೇ ಸಾಲು: ಟಾಸ್ಕ್‌ಗಳನ್ನು ಅಳಿಸುತ್ತದೆ. ಅಷ್ಟೇ. ನಮ್ಮಲ್ಲೊಬ್ಬರು "ಯುಗಾದಿ ಕೆಲಸ ಎಲ್ಲಾ ಮುಗೀತು, ಕ್ಲೀನ್ ಮಾಡು" ಅಂದರು. ಮುಗಿದಿದೆ ಅಂತ ಗುರುತು ಹಾಕಬೇಕಿದ್ದ ಏಜೆಂಟ್ ಎಲ್ಲವನ್ನೂ ಅಳಿಸಿಬಿಟ್ಟಿತು. ಅಡುಗೆಯವರಿಗೆ ಯಾರು ಎಷ್ಟು ಅಡ್ವಾನ್ಸ್ ಕೊಟ್ಟಿದ್ದರು ಅನ್ನುವ ಟಿಪ್ಪಣಿ ಆ ಟಾಸ್ಕ್‌ಗಳಲ್ಲೇ ಇತ್ತು. ಅದೂ ಹೋಯಿತು. ಇಲ್ಲಿ ಏಜೆಂಟ್ ಅನ್ನು ಬೈದು ಪ್ರಯೋಜನ ಇಲ್ಲ. ಮುಗಿಸುವುದಕ್ಕೂ ಅಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ಯಾರೂ ಅದಕ್ಕೆ ಹೇಳಿರಲಿಲ್ಲ, ಅಲ್ವಾ?

ಈಗಿನ ವಿವರಣೆ ನಿಜಕ್ಕೂ ಚೆನ್ನಾಗಿದೆ. ಮುಗಿದ ಕೆಲಸಕ್ಕೆ ಇದನ್ನು ಬಳಸಬೇಡ, ಅದಕ್ಕೆ ಬೇರೆ ಟೂಲ್ ಇದೆ ಅಂತ ಮೊದಲ ಸಾಲಿನಲ್ಲೇ ಇದೆ. ಟಾಸ್ಕ್ ಅಳಿಸಿದರೆ ಅದರ ಕೆಳಗಿನ ಉಪಟಾಸ್ಕ್‌ಗಳೂ ಹೋಗುತ್ತವೆ, ಮೊದಲು ಪಟ್ಟಿ ತೋರಿಸಿ ಒಪ್ಪಿಗೆ ಪಡೆ ಅಂತಲೂ ಬರೆದಿದ್ದಾರೆ. ಕಳೆದ ರಾಜ್ಯೋತ್ಸವ ಆದ ಮೇಲೆ ಹಳೆಯದನ್ನೆಲ್ಲ ತೆಗೆಯಲು ಹೇಳಿದಾಗ ಏಜೆಂಟ್ ಪಟ್ಟಿ ಮುಂದಿಟ್ಟಿತು. "ಹಾಲ್ ಬುಕಿಂಗ್" ಮುಗಿದಿತ್ತು. ಅದರ ಕೆಳಗೆ "ಠೇವಣಿ ವಾಪಸ್" ಇನ್ನೂ ಬಾಕಿ ಇತ್ತು. ಇದನ್ನು ಬಿಡಲಾ ಅಂತ ಕೇಳಿತು. ಆ ಒಂದು ಪ್ರಶ್ನೆ ಬಾರದೇ ಇದ್ದಿದ್ದರೆ ಠೇವಣಿ ವಿಷಯ ಎಲ್ಲರೂ ಮರೆಯುತ್ತಿದ್ದೆವು.

ನನಗೆ ತುಂಬ ಹಿಡಿಸಿದ ಇನ್ನೊಂದು ವಿಷಯ: ಈ ಟೂಲ್ ಟಾಸ್ಕ್‌ನ ಹೆಸರು ನೋಡಿ ಅಳಿಸುವುದಿಲ್ಲ, ಆ ಟಾಸ್ಕ್‌ನ ಐಡಿ (ಅದಕ್ಕೆ ಮಾತ್ರ ಇರುವ ಗುರುತಿನ ಕೋಡ್) ಕೊಡಲೇಬೇಕು. ನಮ್ಮ ಪಟ್ಟಿಯಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಕಲಸಿವೆ. "ಊಟ" ಅಂತ ಹುಡುಕಿದರೆ ಕಟ್ಟಿ ಮುಗಿಸಿದ ಊಟದ ಬಿಲ್ ಸಿಗುತ್ತದೆ, ಮುಂದಿನ ತಿಂಗಳ ಮಕ್ಕಳ ಊಟವೂ ಸಿಗುತ್ತದೆ. ಐಡಿ ಬೇಕೇ ಬೇಕು ಅಂದಾಗ ಏಜೆಂಟ್ ಮೊದಲು ಹುಡುಕಬೇಕು, ತೋರಿಸಬೇಕು, ಆಮೇಲಷ್ಟೇ ಅಳಿಸಬೇಕು. ಫಲಿತಾಂಶವೂ ಈಗ ಒಂದೊಂದು ಟಾಸ್ಕ್‌ಗೆ ಬೇರೆಬೇರೆಯಾಗಿ ಬರುತ್ತದೆ. ಮೊದಲು ಅರ್ಧ ಅಳಿಸಿ ನಿಂತರೂ ಸುಮ್ನೆ "ಆಯಿತು" ಅನ್ನುತ್ತಿತ್ತು.

ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಿಂದ ಟೂಲ್‌ಗೆ "ಡಿಸ್ಟ್ರಕ್ಟಿವ್ ಹಿಂಟ್", ಅಂದರೆ ಇದು ಇರುವುದನ್ನು ಅಳಿಸಬಹುದು ಅನ್ನುವ ಗುರುತು ಹಾಕಬಹುದು. ಇಲ್ಲಿ ಹಾಕಿದ್ದಾರೆ, ಸಂತೋಷ. ಆದರೆ ಅದು ಸೂಚನೆ ಮಾತ್ರ, ಬೀಗ ಅಲ್ಲ. ಬಳಕೆದಾರರನ್ನು ಕೇಳಬೇಕೋ ಬೇಡವೋ ಅನ್ನುವುದು ನೀವು ಬಳಸುವ ಎಐ ಆ್ಯಪ್‌ಗೆ ಬಿಟ್ಟದ್ದು. ಹಾಗಾಗಿ ಈ ಟೂಲ್‌ಗೆ "ಯಾವಾಗಲೂ ಅನುಮತಿಸು" ಮಾತ್ರ ಒತ್ತಬೇಡಿ. ಟಾಸ್ಕ್‌ವಾರಿಯರ್ ಅನ್ನುವ ಓಪನ್ ಸೋರ್ಸ್ ಟೂಲ್, ಒಂದೇ ಕಮಾಂಡ್‌ನಲ್ಲಿ ಮೂರು ಅಥವಾ ಜಾಸ್ತಿ ಟಾಸ್ಕ್ ಬದಲಾದರೆ ತಾನಾಗಿ ನಿಂತು ಕೇಳುತ್ತದೆ. ಅಂಥ ಮಿತಿಯನ್ನು ನಮ್ಮ ಆ್ಯಪ್‌ನವರೂ ಟೂಲ್ ಒಳಗೇ ಇಡಬೇಕು.

ಬೇಸರದ ವಿಷಯಗಳೂ ಇವೆ. ಪ್ರತಿ ಭಾನುವಾರ ಮರುಕಳಿಸುವ ತರಗತಿಯ ಟಾಸ್ಕ್ ಅಳಿಸಿದರೆ ಆ ಒಂದು ವಾರದ್ದು ಹೋಗುತ್ತದೋ, ಇಡೀ ಸರಣಿ ಹೋಗುತ್ತದೋ? ವಿವರಣೆಯಲ್ಲಿ ಒಂದು ಮಾತಿಲ್ಲ. ಪರೀಕ್ಷೆ ಮಾಡಿ ನೋಡಿದೆವು, ಇಡೀ ಸರಣಿ ಹೋಯಿತು. ಅಳಿಸಿದ್ದು ವಾಪಸ್ ಬರುತ್ತದಾ ಅನ್ನುವುದನ್ನೂ ಬರೆದಿಲ್ಲ. ಆಸನ (Asana) ಅನ್ನುವ ಟಾಸ್ಕ್ ಆ್ಯಪ್‌ನಲ್ಲಿ ಅಳಿಸಿದ ಟಾಸ್ಕ್ 30 ದಿನ ಸಿಗುತ್ತದೆ, ಅದನ್ನು ಅವರು ಸ್ಪಷ್ಟವಾಗಿ ಹೇಳಿಕೊಂಡಿದ್ದಾರೆ. ಇಲ್ಲೂ ಒಂದು ಸಾಲು ಬೇಕಿತ್ತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೊಸದಾಗಿ ಜೋಡಿಸುವವರು ಒಂದು ಪ್ರತ್ಯೇಕ ಪ್ರಾಜೆಕ್ಟ್ ಮಾಡಿ, ಅದರಲ್ಲಿ ಉಪಟಾಸ್ಕ್ ಇರುವ ಒಂದು, ಮರುಕಳಿಸುವ ಒಂದು, ಮುಗಿದ ಒಂದು ಟಾಸ್ಕ್ ಹಾಕಿ. ಏಜೆಂಟ್‌ಗೆ "ಕ್ಲೀನ್ ಮಾಡು" ಅಂತಷ್ಟೇ ಹೇಳಿ. ಅದು ಅಳಿಸುವ ಮೊದಲು ಏನು ಕೇಳುತ್ತದೆ ನೋಡಿಕೊಂಡು, ಆಮೇಲೆ ನಿಮ್ಮ ನಿಜವಾದ ಪಟ್ಟಿ ಒಪ್ಪಿಸಿ.