ಗೇಟು, ಪಂಜರ, ಹಗ್ಗ: ನಾಯಿ ಬೆಕ್ಕು ಒಂದೇ ಮನೆಯಲ್ಲಿರಲು ನಾನು ಮಾಡಿ ನೋಡಿದ್ದು

ನಮ್ಮ ಮೈಸೂರಿನ ಮನೆಯಲ್ಲಿ ಮೊದಲಿಂದಲೂ ಎರಡು ಬೆಕ್ಕು. ಕರಿಯ, ಆರು ವರ್ಷದ ಗಂಡು, ಮನೆಗೆ ಯಜಮಾನ. ಪುಟ್ಟಿ, ಮೂರು ವರ್ಷದ ಹೆದರುಪುಕ್ಕಲಿ. ಕಳೆದ ವರ್ಷ ಜೂನ್‌ನಲ್ಲಿ ಒಂದು ಶೆಲ್ಟರ್‌ನಿಂದ ಬೀದಿನಾಯಿ ಒಂದನ್ನು ತಂದೆವು. ಎರಡು ವರ್ಷದ ಹೆಣ್ಣು, ಕಂದು ಬಣ್ಣ. ಮರಿ ಆಗದಂತೆ ಆಪರೇಷನ್ ಆಗಿದೆ ಅನ್ನೋ ಗುರುತಿಗೆ ಕಿವಿಯ ತುದಿ ಕತ್ತರಿಸಿತ್ತು. ಬೋಂಡಾ ಅಂತ ಹೆಸರಿಟ್ಟೆವು. "ಬೆಕ್ಕು ಕಂಡ್ರೆ ಏನೂ ಮಾಡಲ್ಲ ಸರ್" ಅಂದಿದ್ದರು ಶೆಲ್ಟರ್‌ನವರು. ಅಲ್ಲಿ ಒಂದೂ ಬೆಕ್ಕು ಇರಲಿಲ್ಲ ಅನ್ನೋದು ನನಗೆ ಹೊಳೆದಿದ್ದು ಮನೆಗೆ ಬಂದ ಮೇಲೆ.

ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಕರಿಯನನ್ನು ಕಂಡದ್ದೇ ತಡ, ಬೋಂಡಾ ಉಗುರು ಕೆರೆಯುತ್ತಾ ಓಡಿ, ಜಾರಿ, ಊಟದ ಮೇಜಿನ ಕಾಲಿಗೆ ಗುದ್ದಿಕೊಂಡಳು. ಕರಿಯ ಫ್ರಿಜ್ ಮೇಲೆ ಹತ್ತಿದವನು ಎರಡು ಗಂಟೆ ಇಳಿಯಲಿಲ್ಲ. ಪುಟ್ಟಿ ರಾತ್ರಿವರೆಗೂ ಸಿಗಲೇ ಇಲ್ಲ. ಬೋಂಡಾಗೆ ಆಟ ಅಷ್ಟೇ. ನಾಯಿಗೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ.

ಆಮೇಲೆ ಸುಮಾರು ಮೂರು ತಿಂಗಳು ಯಾರು ಏನು ಹೇಳಿದರೂ ಮಾಡಿ ನೋಡಿದೆ. ಕೆಲವು ಉಪಯೋಗಕ್ಕೆ ಬಂದವು, ಕೆಲವು ದುಡ್ಡು ದಂಡ. ನನಗೆ ತಡವಾಗಿ ಗೊತ್ತಾಗಿದ್ದು ಒಂದೇ: ಯಾವ ಸಾಮಾನು ತಂದೆ ಅನ್ನೋದಕ್ಕಿಂತ, ಅದರಿಂದ ಯಾರನ್ನ ತಡೆದೆ ಅನ್ನೋದು ಮುಖ್ಯ.

ಮೊದಲು ಬಾಗಿಲು. ಶುರುವಿನಲ್ಲಿ ಮುಖ ತೋರಿಸಬೇಡಿ, ಬೇರೆ ಬೇರೆ ರೂಮಿನಲ್ಲಿಡಿ, ವಾಸನೆ ಅಭ್ಯಾಸ ಆಗಲಿ ಅಂತ ಎಲ್ಲರೂ ಹೇಳುತ್ತಾರೆ. ಸರಿಯಾದ ಮಾತೇ. ನಾವು ಬೆಕ್ಕುಗಳನ್ನು ಹಿಂದಿನ ರೂಮಿಗೆ ಹಾಕಿದೆವು. ನಾಯಿಯನ್ನ ಹಾಕಿದರೆ ಅಳುತ್ತಿತ್ತು, ಬೆಕ್ಕುಗಳು ಸುಮ್ನೆ ಇದ್ದವು. ಸುಮ್ನೆ ಇದ್ದದ್ದೇ ಮೋಸ. ನಾಲ್ಕನೇ ದಿನ ಕರಿಯ ಮರಳಿನ ಟ್ರೇಗೆ ಹೋಗುವುದು, ಕೂತು ತಿಣುಕುವುದು, ಒಂದೆರಡು ಹನಿ ಬಿಟ್ಟು ವಾಪಸ್ ಬರುವುದು, ಮತ್ತೆ ಹೋಗುವುದು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ. ರಾತ್ರಿ ಒಂಬತ್ತಕ್ಕೆ ಡಾಕ್ಟರ ಹತ್ತಿರ ಓಡಿದೆವು. ಪುಣ್ಯಕ್ಕೆ ಪೂರ್ತಿ ಕಟ್ಟಿಕೊಂಡಿರಲಿಲ್ಲ, ಮೂತ್ರಕೋಶದಲ್ಲಿ ಉರಿಯೂತ. ಡಾಕ್ಟರ್ ಹೊಟ್ಟೆ ಒತ್ತಿ ನೋಡುತ್ತಾ ಕೇಳಿದ್ದು ಒಂದೇ: "ಮನೆಯಲ್ಲಿ ಈಚೆಗೆ ಏನಾದ್ರೂ ಬದಲಾಯ್ತಾ?" ಬೆಕ್ಕಿಗೆ ಟೆನ್ಷನ್ ಆದರೂ ಹೀಗಾಗುತ್ತದಂತೆ.

ಮನೆಗೆ ಬಂದವರೇ ಅದಲುಬದಲು ಮಾಡಿದೆವು. ಹೊಸಬಳು ರೂಮಿಗೆ, ಹಳಬರು ಮನೆಗೆ. ಅದೇ ಬಾಗಿಲು, ಅದೇ ರೂಮು. ಬೋಂಡಾ ಎರಡು ರಾತ್ರಿ ಅತ್ತಳು, ಮಗ ಹಾಸಿಗೆ ತೆಗೆದುಕೊಂಡು ಹೋಗಿ ಅಲ್ಲೇ ಮಲಗಿದ. ಕರಿಯ ಔಷಧಿಯ ಜೊತೆ ಮನೆಯನ್ನೆಲ್ಲ ಒಂದು ಸುತ್ತು ಹೊಡೆದು, ಸೋಫಾ, ಬಾಗಿಲ ಚೌಕಟ್ಟು, ನನ್ನ ಕಾಲು ಎಲ್ಲಕ್ಕೂ ಕೆನ್ನೆ ಉಜ್ಜಿ, ಮೂರನೇ ದಿನಕ್ಕೆ ಸರಿಹೋದ.

ಆ ಕೆನ್ನೆಯಲ್ಲೇ ಬೆಕ್ಕಿನ ವಾಸನೆಯ ಗ್ರಂಥಿಗಳಿರೋದು. ಹಳೇ ಟವೆಲ್ ಅಲ್ಲಿ ಉಜ್ಜಿ ಬೋಂಡಾಳ ತಟ್ಟೆಯ ಕೆಳಗೆ ಹಾಸಿದೆ. ಮೊದಲ ದಿನ ಊಟ ಬಿಟ್ಟು ಟವೆಲ್ಲನ್ನೇ ಕಚ್ಚಿದಳು. ಐದನೇ ದಿನ ಮೂಸಿ, ಊಟಕ್ಕೆ ಬಾಯಿ ಹಾಕಿದಳು. ಖರ್ಚು ಸೊನ್ನೆ. ಇದೇ ವಾಸನೆಯ ನಕಲನ್ನು, ಬೆಕ್ಕಿಗೆ ಸಮಾಧಾನ ಆಗಲಿ ಅಂತ, ಪ್ಲಗ್‌ಗೆ ಹಾಕುವ ಡಿಫ್ಯೂಸರ್‌ನಲ್ಲಿ ಮಾರುತ್ತಾರೆ. ಅದನ್ನೂ ತರಿಸಿದೆ. ನಮ್ಮ ಮನೆಯಲ್ಲಿ ಬೆಳಗಾದರೆ ಕಿಟಕಿ ಬಾಗಿಲೆಲ್ಲ ತೆಗೆದಿರುತ್ತದೆ, ವಾಸನೆ ಪಕ್ಕದ ಮನೆಯ ಬೆಕ್ಕಿಗೆ ಹೋಗಿರಬೇಕು. ಬಾಗಿಲು ಮುಚ್ಚಿಕೊಂಡಿರುವ ಫ್ಲಾಟ್‌ನವರ ಅನುಭವ ಬೇರೆ ಇರಬಹುದು. ನಾನು ಎರಡನೇ ಬಾಟಲಿ ತರಲಿಲ್ಲ.

ಮುಖ ತೋರಿಸುವ ಹೊತ್ತಿಗೆ ಮಾಡಿದ ದೊಡ್ಡ ತಪ್ಪು, ಪುಟ್ಟಿಯನ್ನು ಡಾಕ್ಟರ ಹತ್ತಿರ ಒಯ್ಯುವ ಬುಟ್ಟಿಯಲ್ಲಿ ಕೂರಿಸಿ ನಾಯಿಗೆ ಮೂಸಲು ಬಿಟ್ಟಿದ್ದು. "ಸೇಫ್ ಆಗಿದಾಳಲ್ಲ" ಅಂದುಕೊಂಡೆ. ಸೇಫ್ ಅಂತ ಗೊತ್ತಿದ್ದದ್ದು ನನಗೆ, ಅವಳಿಗಲ್ಲ. ಓಡಲು ಜಾಗವಿಲ್ಲದೆ ಒಳಗೇ ಉಚ್ಚೆ ಮಾಡಿಕೊಂಡಳು. ಇದೊಂದನ್ನು ಯಾರೂ ಮಾಡಬೇಡಿ.

ಹಾಗಾದರೆ ನಾಯಿಯನ್ನೇ ಪಂಜರದಲ್ಲಿ ಹಾಕೋಣ ಅಂತ ಕ್ರೇಟ್ ತಂದೆ. ಕರಿಯ ಅದರ ಮುಂದೆ ಒಂದೇ ಅಡಿ ದೂರದಲ್ಲಿ ಬಂದು ಕೂತ. ಕಾಲೆತ್ತಿ, ಬೆರಳು ಬೆರಳು ಬಿಡಿಸಿ, ಹದಿನೈದು ನಿಮಿಷ ಮೈ ನೆಕ್ಕಿಕೊಂಡ. ಒಳಗೆ ಬೋಂಡಾ ಸರಳು ಕಚ್ಚಿ ಕಚ್ಚಿ ಒಸಡಿನಲ್ಲಿ ರಕ್ತ. ಕೈಗೆ ಸಿಗದ್ದನ್ನು ಕಣ್ಣಿಗೆ ಮಾತ್ರ ತೋರಿಸಿದರೆ ಹುಚ್ಚು ಜಾಸ್ತಿಯಾಗುತ್ತದೆ. ಮಲಗಲು ಕ್ರೇಟ್ ಒಳ್ಳೆಯದೇ, ಈಗಲೂ ಅವಳು ಅದರಲ್ಲೇ ಮಲಗುತ್ತಾಳೆ. ಪರಿಚಯಕ್ಕೆ ಬೇಡ.

ಆನ್‌ಲೈನ್‌ನಲ್ಲಿ ತರಿಸಿದ ಬೇಬಿ ಗೇಟ್ (ಪುಟ್ಟ ಮಕ್ಕಳು ದಾಟದಂತೆ ಬಾಗಿಲಿಗೆ ಅಡ್ಡ ಹಾಕುವ ಗೇಟು) ನಮ್ಮ ಮೂರಡಿ ಬಾಗಿಲಿಗೆ ಸಾಲಲಿಲ್ಲ. ಜೋಡಿಸುವ ತುಂಡಿಗೆ ಬೇರೆ ದುಡ್ಡು. ಎತ್ತರ ಎರಡೂವರೆ ಅಡಿ, ಬೀದಿಯಲ್ಲಿ ಕಾಂಪೌಂಡ್ ಹಾರಿ ಬೆಳೆದವಳಿಗೆ ಅದು ಹೊಸಿಲಿದ್ದ ಹಾಗೆ. ಸೊಳ್ಳೆ ಮೆಶ್ ಬಾಗಿಲು ಇತ್ತಲ್ಲ ಅಂತ ಅದನ್ನ ಹಾಕಿದರೆ ಮೂರನೇ ದಿನ ಉಗುರಿಗೆ ಹರಿಯಿತು. ಕೊನೆಗೆ ನಮ್ಮ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕೂವರೆ ಅಡಿಯ ಗೇಟು ಮಾಡಿಸಿದೆ. ಕೆಳಗೆ ಮೂಲೆಯಲ್ಲಿ ಬೆಕ್ಕು ನುಸುಳುವಷ್ಟು ಕಿಂಡಿ. ಆ ಬೇಬಿ ಗೇಟಿಗೂ ಇದಕ್ಕೂ ಹೆಚ್ಚುಕಮ್ಮಿ ಒಂದೇ ಬೆಲೆ. ಕಿಂಡಿಯಲ್ಲೇ ಇರೋದು ಗುಟ್ಟು: ಬೆಕ್ಕು ಎರಡೂ ಕಡೆ ಓಡಾಡಬಹುದು, ನಾಯಿ ಆಗಲ್ಲ.

ಗೇಟಿಗೆ ಮೊದಲು ಹಳೇ ಬೆಡ್‌ಶೀಟ್ ಕಟ್ಟಿದೆ. ಈ ಕಡೆ ಆ ಕಡೆ ಊಟದ ತಟ್ಟೆ, ಮಧ್ಯೆ 12 ಅಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ದಿನಕ್ಕೊಂದು ಗೇಣು ಹತ್ತಿರ ತಂದೆ. ಬೆಡ್‌ಶೀಟನ್ನೂ ಹಾಗೇ, ದಿನಕ್ಕೆ ನಾಲ್ಕು ಬೆರಳು ಮೇಲಕ್ಕೆ. ಪುಟ್ಟಿ ತಿನ್ನೋದು ನಿಲ್ಲಿಸಿ ತಲೆ ಎತ್ತಿದರೆ ಮಾರನೇ ದಿನ ಎರಡು ಗೇಣು ಹಿಂದಕ್ಕೆ. ಕಸ ಗುಡಿಸಲು ಬರುವವರು "ಇದೇನು ರಂಗೋಲಿ" ಅಂತ ಎರಡು ಸಲ ಒರೆಸಿಬಿಟ್ಟರು. ಮೂರು ವಾರ ಹಿಡಿಯಿತು.

ಆಮೇಲೆ ಗೇಟು ತೆಗೆದು ಹಗ್ಗ. ಆರಡಿಯ ನೈಲಾನ್ ಲೀಶ್ ಸೊಂಟಕ್ಕೆ ಕಟ್ಟಿಕೊಂಡು ಹಾಲ್‌ನಲ್ಲಿ ಪೇಪರ್ ಓದುತ್ತಾ ಕೂರುತ್ತಿದ್ದೆ. ಜೇಬಲ್ಲಿ ಬೇಯಿಸಿದ ಕೋಳಿ ಚೂರು. ಬೋಂಡಾ ಬೆಕ್ಕನ್ನು ನೋಡಿ, ತಿರುಗಿ ನನ್ನ ಕಡೆ ನೋಡಿದರೆ ಒಂದು ಚೂರು. ಮೊಸರನ್ನದ ಉಂಡೆಯನ್ನೂ ಪ್ರಯತ್ನಿಸಿದೆ, ಬೆಕ್ಕಿನ ಮುಂದೆ ಮೊಸರನ್ನಕ್ಕೆ ಬೆಲೆಯಿಲ್ಲ. ನೋಡಬೇಕಾದ್ದು ಅವಳ ಬಾಯಿ. ನಾಲಿಗೆ ಹೊರಗಿದ್ದರೆ ತೊಂದರೆಯಿಲ್ಲ. ಬಾಯಿ ಟಪ್ ಅಂತ ಮುಚ್ಚಿ, ಕಿವಿ ಮುಂದಕ್ಕೆ ಬಂದು, ಮೈ ಕೊರಡಾದರೆ ನಿಮಗಿರೋದು ಎರಡು ಸೆಕೆಂಡ್. ಆಗಲೇ ಎದ್ದು ಬೇರೆ ಕಡೆ ಕರೆದುಕೊಂಡು ಹೋಗಬೇಕು. ಬೆಕ್ಕು ಓಡಿದ ಮೇಲೆ ಎಳೆದು ಏನೂ ಪ್ರಯೋಜನವಿಲ್ಲ.

ಬೈಯುವುದು, ಹೊಡೆಯುವುದು? ಒಬ್ಬ ಟ್ರೇನರ್ ಬಂದು ಶಾಕ್ ಕೊಡುವ ಕಾಲರ್ ಹಾಕಿ ಅಂದ. ಬೆಕ್ಕು ಕಂಡಾಗಲೆಲ್ಲ ನೋವಾದರೆ ನಾಯಿ ಬೆಕ್ಕನ್ನ ಇಷ್ಟಪಡುತ್ತಾ? ಫೀಸು ಕೊಟ್ಟು ಕಳಿಸಿದೆ. ಅಮ್ಮ ಒಂದು ದಿನ ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ನೀರು ಹೊಡೆದರು. ಬೋಂಡಾ ಒಂದು ವಾರ ಅಮ್ಮನ ಹತ್ತಿರ ಹೋಗಲಿಲ್ಲ. ಬೆಕ್ಕಿನ ಮೇಲಿನ ಆಸೆ ಇದ್ದ ಹಾಗೇ ಇತ್ತು.

ಬೆಕ್ಕುಗಳಿಗೆ ಎತ್ತರ ಬೇಕು. ಅಂಗಡಿಯಲ್ಲಿ ಸಿಗುವ ಕ್ಯಾಟ್ ಟ್ರೀ, ಅಂದರೆ ಬೆಕ್ಕು ಹತ್ತಿ ಕೂರುವ ಸ್ಟ್ಯಾಂಡ್, ಕರಿಯನ ಐದು ಕೆಜಿಗೆ ಅಲ್ಲಾಡಿತು, ಅವನು ಮತ್ತೆ ಹತ್ತಲಿಲ್ಲ. ಮನೆಯಲ್ಲಿದ್ದ ಹಳೇ ಹಲಗೆ ಎರಡನ್ನು ಗೋಡೆಗೆ ಹೊಡೆಸಿ ಸೋಫಾದಿಂದ ಫ್ರಿಜ್, ಫ್ರಿಜ್‌ನಿಂದ ಅಟ್ಟ ಅಂತ ದಾರಿ ಮಾಡಿದ್ದೇ ಸಾಕಾಯಿತು. ಬೆಕ್ಕಿನ ಊಟವೂ ಮೇಲೆಯೇ. ಮರಳಿನ ಟ್ರೇ ಗೇಟಿನ ಆಚೆ, ಇಲ್ಲದಿದ್ದರೆ ನಾಯಿ ಅದನ್ನೂ ತಿನ್ನುತ್ತದೆ, ಹೇಳೋಕೆ ಅಸಹ್ಯ.

ಹನ್ನೊಂದನೇ ವಾರಕ್ಕೆ ಹಗ್ಗ ಬಿಚ್ಚಿದೆ. ಆ ಸಂಜೆಯೇ ಕರಿಯ ಅವಳ ಮೂಗಿಗೆ ಒಂದು ಬಾರಿಸಿದ. ಉಗುರು ಮೊದಲೇ ಕತ್ತರಿಸಿದ್ದೆ, ಸಣ್ಣ ಗೀರಲ್ಲಿ ಹೋಯಿತು. ಬೋಂಡಾ ಹಿಂದೆ ಸರಿದು ನನ್ನ ಜೇಬು ನೋಡಿದಳು.

ಈಗಲೂ ನಾವ್ಯಾರೂ ಮನೆಯಲ್ಲಿಲ್ಲದಿದ್ದರೆ ಗೇಟು ಹಾಕಿಯೇ ಹೋಗುತ್ತೇವೆ. ಭಾನುವಾರ ಬೂತಾಯಿ ಮೀನು ತಂದಾಗಲೂ ಅಷ್ಟೇ. ಮಿಕ್ಕ ದಿನ ಮಧ್ಯಾಹ್ನ ಬೋಂಡಾ ಚಾಪೆಯ ಮೇಲೆ, ಕರಿಯ ಫ್ರಿಜ್ ಮೇಲೆ. ಪುಟ್ಟಿ ನೆಲದಲ್ಲೇ ಮಲಗುತ್ತಾಳೆ, ನಾಯಿಯಿಂದ ನಾಲ್ಕು ಗೇಣು ದೂರದಲ್ಲಿ, ಕಿಂಡಿಯ ಪಕ್ಕ.